ಏರಿನಲ್ಲಿ ಪಿಕಪ್ ಬಿಡುವ ಗಾಡಿ: ಪೆಟ್ರೋಲ್ ಪ್ರೆಶರ್ ಏರಿಳಿತ ಪತ್ತೆ ಮಾಡುವುದು ಹೇಗೆ

ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಸ್ಟಾರ್ಟಿಂಗ್ ಸರಿ, ಐಡ್ಲಿಂಗ್ ಸರಿ. ಚಾಮುಂಡಿ ಬೆಟ್ಟದ ಏರಿನಲ್ಲಿ ನಾಲ್ಕೈದು ಜನ ಕೂತಿರುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಜರ್ಕ್ ಹೊಡೆಯುತ್ತದೆ. ಇಲ್ಲವೇ ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಿಧಾನಕ್ಕೆ ಬಂದು, ಜಾಗ ಸಿಕ್ಕಿತು ಅಂತ ಓವರ್‌ಟೇಕ್ ಶುರು ಮಾಡಿದಾಗ ಅರ್ಧದಲ್ಲಿ ಪಿಕಪ್ ಹೋಗುತ್ತದೆ. ಎದುರಿನಿಂದ ಬಸ್ಸು ಬರುತ್ತಿರುತ್ತದೆ. ಹಾಗಾಗಿ ಇದನ್ನು ಸಣ್ಣ ದೋಷ ಅಂತ ಯಾರೂ ಮುಂದಕ್ಕೆ ಹಾಕಬಾರದು.

ಈ ದೂರು ಬಂದಾಗ ಪ್ಲಗ್, ಕಾಯಿಲ್, ಆಕ್ಸಿಜನ್ ಸೆನ್ಸರ್, ಕೊನೆಗೆ ಪಂಪ್ ಅಂತ ಒಂದೊಂದೇ ಬದಲಾಯಿಸುತ್ತಾ ಹೋಗುವುದು ರೂಢಿಯಾಗಿಬಿಟ್ಟಿದೆ. ದುಡ್ಡು ಗಾಡಿಯವರದು, ತೊಂದರೆ ಹಾಗೇ ಉಳಿದಿರುತ್ತದೆ. ನಾನು ಹೇಳುವುದು ಇಷ್ಟು: ಗಾಡಿ ಯಾವ ಹೊತ್ತಿನಲ್ಲಿ ತೊಂದರೆ ಕೊಡುತ್ತದೋ ಅದೇ ಹೊತ್ತಿನಲ್ಲಿ ಪಂಪ್ ಎಂಜಿನ್ನಿಗೆ ಕಳಿಸುವ ಪೆಟ್ರೋಲಿನ ಪ್ರೆಶರ್ ನೋಡಬೇಕು. ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಐಡ್ಲಿಂಗ್‌ನಲ್ಲಿ ಅಳೆದ ಸಂಖ್ಯೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದು.

ಇಲ್ಲಿ ಹೇಳುತ್ತಿರುವುದೆಲ್ಲ ಮಾಮೂಲಿ ಎಂಪಿಎಫ್‌ಐ ಪೆಟ್ರೋಲ್ ಕಾರುಗಳ ಬಗ್ಗೆ. ಅಂದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿದ್ದು, ಸುಮಾರು 3ರಿಂದ 4 ಬಾರ್ ಪ್ರೆಶರ್‌ನಲ್ಲಿ ಕೆಲಸ ಮಾಡುವಂಥವು. ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಹೊಸ ಟರ್ಬೊ ಕಾರುಗಳಲ್ಲಿ ಪ್ರೆಶರ್ ನೂರಾರು ಬಾರ್ ಇರುತ್ತದೆ. ಡೀಸೆಲ್ ಕಾಮನ್ ರೇಲ್‌ನಲ್ಲಿ ಸಾವಿರವನ್ನೂ ದಾಟುತ್ತದೆ. ಅಲ್ಲಿ ಪೈಪ್ ಸಡಿಲ ಮಾಡಲು ಹೋಗಲೇಬೇಡಿ. ಆ ಧಾರೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ.

ಇಸಿಯುಗೆ ಪ್ರೆಶರ್ ಕಾಣುವುದಿಲ್ಲ

ಇಂಥ ಹೆಚ್ಚಿನ ಕಾರುಗಳಲ್ಲಿ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೇಲ್ ಮೇಲೆ ಪ್ರೆಶರ್ ಸೆನ್ಸರ್ ಇರುವುದಿಲ್ಲ. ಪ್ರೆಶರ್ ಸರಿಯಾಗಿದೆ ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನಂಬಿಕೊಂಡಿರುತ್ತದೆ. ಅದು ಲೆಕ್ಕ ಹಾಕುವುದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಮಾತ್ರ. ಕೊಳಾಯಿ ಕೆಳಗೆ ಬಿಂದಿಗೆ ಇಟ್ಟು, ಐದು ನಿಮಿಷಕ್ಕೆ ತುಂಬುತ್ತೆ ಅಂತ ಒಳಗೆ ಹೋಗುವ ಹಾಗೆ. ಅವತ್ತು ನೀರಿನ ರಭಸ ಕಡಿಮೆ ಇದ್ದರೆ ಬಿಂದಿಗೆ ಮುಕ್ಕಾಲೇ ತುಂಬಿರುತ್ತದೆ.

ಎಷ್ಟು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಇಂಜೆಕ್ಟರ್‌ನಿಂದ ಹೊರಬೀಳುವ ಪೆಟ್ರೋಲ್, ಪ್ರೆಶರ್‌ನ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 3 ಬಾರ್ ಇರಬೇಕಾದ ಕಡೆ 2.5 ಆದರೆ ಸುಮಾರು ಶೇ 9 ಕಡಿಮೆ. 2 ಬಾರ್‌ಗೆ ಇಳಿದರೆ ಶೇ 18 ಕಡಿಮೆ. ಉಲ್ಟಾ 4ಕ್ಕೆ ಏರಿದರೆ ಶೇ 15 ಜಾಸ್ತಿ. ಶೇ 9ರಷ್ಟನ್ನು ಇಸಿಯು ಇಂಜೆಕ್ಟರ್ ಸಮಯ ಹೆಚ್ಚಿಸಿ ಸರಿದೂಗಿಸಿಕೊಳ್ಳುತ್ತದೆ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಶೇ 18 ಆದರೆ ಅದಕ್ಕೂ ಕಷ್ಟ. ಆಗ ಚೆಕ್ ಎಂಜಿನ್ ಲೈಟ್ ಹತ್ತಿ ಪಿ0171 ಕೋಡ್ ಬರುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಅಂದರೆ ಲೀನ್ ಅಂತ ಅದರ ಅರ್ಥ.

ತಪ್ಪು ದಾರಿ ಶುರುವಾಗುವುದು ಇಲ್ಲಿಂದಲೇ. ಕೋಡ್ ನೋಡಿದ ತಕ್ಷಣ ಆಕ್ಸಿಜನ್ ಸೆನ್ಸರ್ ಹೋಗಿದೆ ಅನ್ನುತ್ತಾರೆ. ಆ ಸೆನ್ಸರ್ ಪಾಪ ಇದ್ದದ್ದನ್ನು ಇದ್ದ ಹಾಗೆ ಹೇಳಿರುತ್ತದೆ. ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಜಾಸ್ತಿ ಉಳಿದಿದೆ ಅಂತ ಅದು ಹೇಳಿತು, ಅಷ್ಟೇ. ಯಾಕೆ ಉಳಿಯಿತು ಅನ್ನುವುದನ್ನು ಹುಡುಕಬೇಕಾದವರು ನಾವು.

ಇನ್ನೊಂದು ವಿಷಯ ಗಮನದಲ್ಲಿರಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಹಳಷ್ಟು ಕಾರುಗಳಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳಿ ತಿದ್ದಿಕೊಳ್ಳುವುದನ್ನು ನಿಲ್ಲಿಸುತ್ತದೆ. ಪೆಟ್ರೋಲ್ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ತಿದ್ದುಪಡಿ ಇರುವುದಿಲ್ಲ. ಪ್ರೆಶರ್ ಬಿದ್ದಿದ್ದರೆ ಎಂಜಿನ್ ಲೀನ್ ಮಿಶ್ರಣದಲ್ಲೇ ದುಡಿಯುತ್ತದೆ, ಬಿಸಿ ಏರುತ್ತದೆ, ಟಿಕಟಿಕ ಅಂತ ನಾಕಿಂಗ್ ಸದ್ದು ಬರುತ್ತದೆ. ಹೀಗೇ ಓಡಿಸುತ್ತಾ ಹೋದರೆ ಪಿಸ್ಟನ್, ವಾಲ್ವ್ ಹಾಳಾಗಬಹುದು.

ಏನೂ ಬಿಚ್ಚುವ ಮೊದಲು

ತೊಂದರೆ ಯಾವಾಗ ಬರುತ್ತದೆ ಅಂತ ಗಾಡಿಯವರನ್ನು ಸರಿಯಾಗಿ ಕೇಳಿ. "ಅಣ್ಣಾ, ಪಿಕಪ್ಪೇ ಇಲ್ಲ" ಅನ್ನುವ ಒಂದು ಮಾತಿಗೆ ಬಿಡಬೇಡಿ. ಬೆಳಗ್ಗೆ ತಣ್ಣಗಿರುವಾಗಲಾ, ಬಿಸಿಯಾದ ಮೇಲಾ? ಏರಿನಲ್ಲಿ ಮಾತ್ರವಾ, ಎಕ್ಸ್‌ಪ್ರೆಸ್‌ವೇನಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಬರುತ್ತಾ? ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು? ಈ ಕೊನೆಯ ಪ್ರಶ್ನೆಗೆ ಎಷ್ಟೋ ಸಲ ಉತ್ತರ "ರಿಸರ್ವ್‌ನಲ್ಲಿತ್ತು" ಅಂತ ಬರುತ್ತದೆ. ಬೆಟ್ಟದ ತಿರುವುಗಳಲ್ಲಿ ಮಾತ್ರ ಎಂಜಿನ್ ಮುಗ್ಗರಿಸಿ, ನೇರ ರಸ್ತೆಗೆ ಬಂದ ಕೂಡಲೇ ಸರಿಹೋದರೆ, ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತಿದೆ ಅಂತ ಅನುಮಾನಿಸಬೇಕು. ಅರ್ಧ ಟ್ಯಾಂಕ್ ಹಾಕಿಸಿ ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಸಿಎನ್‌ಜಿ ಇರುವ ಗಾಡಿಯಾದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಅದೇ ಏರಿನಲ್ಲಿ ಒಮ್ಮೆ ಸಿಎನ್‌ಜಿಯಲ್ಲಿ, ಒಮ್ಮೆ ಪೆಟ್ರೋಲ್‌ನಲ್ಲಿ ಓಡಿಸಿ. ಸಿಎನ್‌ಜಿಯಲ್ಲಿ ಸಲೀಸಾಗಿ ಹತ್ತಿ ಪೆಟ್ರೋಲ್‌ನಲ್ಲಿ ಮಾತ್ರ ಜರ್ಕ್ ಬಂದರೆ ಪ್ಲಗ್, ಕಾಯಿಲ್, ಏರ್ ಫಿಲ್ಟರ್ ಸಾಮಾನ್ಯವಾಗಿ ಚೆನ್ನಾಗಿವೆ ಅಂತಲೇ ಅರ್ಥ. ಪೆಟ್ರೋಲ್ ಬರುವ ದಾರಿ ನೋಡಿ. ಎರಡರಲ್ಲೂ ಜರ್ಕ್ ಇದ್ದರೆ ಮೊದಲು ಪ್ಲಗ್ ಮತ್ತು ಕಾಯಿಲ್ ಕಡೆ ಹೋಗಿ. ಹಾಗೆಯೇ, ಸದಾ ಸಿಎನ್‌ಜಿಯಲ್ಲೇ ಓಡಿಸುತ್ತಾ ಪೆಟ್ರೋಲನ್ನು ತಳದಲ್ಲಿ ಇಟ್ಟಿರುವವರ ಪಂಪ್ ಮೇಲೆ ಒಂದು ಕಣ್ಣಿರಲಿ. ಪಂಪ್ ತಣ್ಣಗಿರುವುದೇ ಸುತ್ತಲಿನ ಪೆಟ್ರೋಲ್‌ನಿಂದ.

ಆಮೇಲೆ ಕಿವಿಗೆ ಕೆಲಸ. ಹಿಂದಿನ ಸೀಟಿನ ಹತ್ತಿರ ಒಬ್ಬರು ಕೂರಲಿ, ಇನ್ನೊಬ್ಬರು ಕೀ ಆನ್ ಮಾಡಲಿ. ಸೆಲ್ಫ್ ಹೊಡೆಯುವುದು ಬೇಡ. ಎರಡು ಮೂರು ಸೆಕೆಂಡ್ ಗುಂಯ್ ಅಂತ ಪಂಪ್ ಓಡಿ ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ. ಸದ್ದು ಕೀಚಲಾಗಿದ್ದರೆ, ತಡೆದು ತಡೆದು ಬಂದರೆ, ಪಂಪ್ ಕಷ್ಟಪಡುತ್ತಿದೆ ಅಂತ. ಕಾರಣ ಪಂಪೇ ಇರಬಹುದು, ಟ್ಯಾಂಕಿನೊಳಗೆ ಪಂಪ್ ಬಾಯಿಗಿರುವ ಕಸ ತಡೆಯುವ ಜಾಲಿ ಕಟ್ಟಿಕೊಂಡಿರುವುದೂ ಇರಬಹುದು.

ಸ್ಕ್ಯಾನರ್ ಹಾಕಿ ಬೆಟ್ಟಕ್ಕೆ ಹೋಗಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ. ಇಸಿಯುನ ಮಾಹಿತಿ ಓದುವ ಸ್ಕ್ಯಾನರ್‌ನಲ್ಲಿ ಬರೀ ಕೋಡ್ ಓದಿ ಅಳಿಸಿಬಿಟ್ಟರೆ ಪ್ರಯೋಜನವಿಲ್ಲ. ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ಅಂತ ಎರಡು ಸಾಲು ಇರುತ್ತವೆ, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್. ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಗಿ ಬಂತು ಅನ್ನುವುದನ್ನು ಅವು ಶೇಕಡಾದಲ್ಲಿ ತೋರಿಸುತ್ತವೆ. ಎರಡನ್ನೂ ಕೂಡಿಸಿ ನೋಡಬೇಕು. ಪ್ಲಸ್ 5, ಮೈನಸ್ 5ರ ಒಳಗಿದ್ದರೆ ಚೆನ್ನ. 10ರವರೆಗೂ ಹೆದರಬೇಕಿಲ್ಲ. ಪ್ಲಸ್ 20ರ ಹತ್ತಿರ ಹೋದರೆ ಎಲ್ಲೋ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ.

ಈ ಎರಡರಲ್ಲಿ ಯಾವುದು ಅಂತ ಬೇರೆ ಮಾಡುವುದು ಸುಲಭ. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಸೇರುವ ವ್ಯಾಕ್ಯೂಮ್ ಪೈಪ್ ಸೀಳಿದ್ದರೆ ಐಡ್ಲಿಂಗ್‌ನಲ್ಲಿ ಟ್ರಿಮ್ ಮೇಲಿರುತ್ತದೆ. 2,500 ಆರ್‌ಪಿಎಂಗೆ ಏರಿಸಿದಾಗ ಕೆಳಗಿಳಿಯುತ್ತದೆ. ಎಂಜಿನ್ ಎಳೆಯುವ ಒಟ್ಟು ಗಾಳಿಯಲ್ಲಿ ಆ ಸೀಳಿನ ಪಾಲು ಆಗ ಚಿಕ್ಕದಾಗುತ್ತದೆ. ಪ್ರೆಶರ್ ತೊಂದರೆ ಇದಕ್ಕೆ ಉಲ್ಟಾ. ಐಡ್ಲಿಂಗ್‌ನಲ್ಲಿ ಸುಮ್ನೆ ಇದ್ದು, ಲೋಡ್ ಬಿದ್ದ ಹಾಗೆ ಏರುತ್ತಾ ಹೋಗುತ್ತದೆ. ಎಂಜಿನ್ ಎಳೆಯುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಮೇಲೆ ಕೊಳೆ ಕೂತಿದ್ದರೆ ಅದೂ ಕೂಡ ಹೀಗೇ ಲೋಡ್‌ನಲ್ಲಿ ಟ್ರಿಮ್ ಏರಿಸಬಹುದು. ಅದಕ್ಕೇ ಸ್ಕ್ಯಾನರ್ ಒಂದನ್ನೇ ನಂಬಿ ಪಂಪ್ ಆರ್ಡರ್ ಮಾಡಬಾರದು. ಮುಂದೆ ಪ್ರೆಶರ್ ಅಳೆಯುವ ಗೇಜ್ ಹಾಕಲೇಬೇಕು.

ಲೋಡ್ ಬೇಕು ಅಂದರೆ ನಮ್ಮ ಮೈಸೂರಿನವರಿಗೆ ಬೆಟ್ಟದ ರಸ್ತೆ ಇದೆ. ನಗರ ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 1,000 ಮೀಟರ್ ದಾಟುತ್ತದೆ. ಒಂದೇ ಸಮನೆ ಹತ್ತುವ ಏರು ಅದು, ಪರೀಕ್ಷೆಗೆ ಸಾಕು. ಮಂಡ್ಯದವರು ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿ, ವೇಗದ ಮಿತಿಯ ಒಳಗೇ ಇದ್ದು, ನಾಲ್ಕನೇ ಗೇರಿನಲ್ಲಿ 50ರಿಂದ 90ಕ್ಕೆ ಎಳೆಸಿ ನೋಡಬಹುದು. ಓಡಿಸುವವರು ಬೇರೆ, ಸ್ಕ್ಯಾನರ್ ನೋಡುವವರು ಬೇರೆ ಇರಬೇಕು. ಇಬ್ಬರಿಲ್ಲದಿದ್ದರೆ ಡೇಟಾ ರೆಕಾರ್ಡ್ ಹಾಕಿ, ಬಂದ ಮೇಲೆ ನೋಡಿ. ಬೆಟ್ಟಕ್ಕೆ ಜನಸಂದಣಿ ಇಲ್ಲದ ಹೊತ್ತಿನಲ್ಲಿ ಹೋಗಿ. ಆಷಾಢ ಶುಕ್ರವಾರ, ದಸರಾ ದಿನಗಳಲ್ಲಿ ಈ ಕೆಲಸ ಬೇಡ.

ನೋಡಬೇಕಾದ್ದು ಇಷ್ಟು: ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕಡೆಗಿರುವ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್. ಹಳೆ ಮಾದರಿಯ ಸೆನ್ಸರ್ ಆದರೆ ಜೋರಾಗಿ ಎಳೆಯುವಾಗ 0.8 ವೋಲ್ಟ್ ಆಸುಪಾಸಿಗೆ ಹೋಗಬೇಕು, ಅಂದರೆ ಪೆಟ್ರೋಲ್ ಧಾರಾಳವಾಗಿದೆ ಅಂತ. ಜರ್ಕ್ ಬರುವ ಕ್ಷಣದಲ್ಲೇ ಅದು 0.1, 0.2ಕ್ಕೆ ಕುಸಿದರೆ ಆ ಕ್ಷಣದಲ್ಲಿ ಪೆಟ್ರೋಲ್ ಸಾಲಲಿಲ್ಲ ಅಂತ ಅನುಮಾನಿಸಿ. ಆದರೆ ಒಂದು ಸಿಲಿಂಡರ್ ಉರಿಯದೆ ಮಿಸ್ಸಿಂಗ್ ಆದರೂ ಉರಿಯದ ಗಾಳಿ ಹೊರಬಂದು ಸೆನ್ಸರ್‌ಗೆ ಲೀನ್ ಅಂತಲೇ ಕಾಣುತ್ತದೆ. ಮಿಸ್‌ಫೈರ್ ಎಣಿಕೆ ಒಂದೇ ಸಿಲಿಂಡರ್‌ನಲ್ಲಿ ಏರುತ್ತಿದ್ದರೆ ಆ ಸಿಲಿಂಡರ್‌ನ ಕಾಯಿಲ್, ಪ್ಲಗ್, ಇಂಜೆಕ್ಟರ್ ನೋಡಿ. ಎಲ್ಲ ಸಿಲಿಂಡರ್‌ಗಳಲ್ಲೂ ಒಟ್ಟಿಗೆ ಬಂದರೆ ಪ್ರೆಶರ್ ಕಡೆ ಬನ್ನಿ.

ಬೇರೆ ಕಡೆ ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿಕೊಂಡು ಬಂದ ಗಾಡಿ ಒಂದನ್ನು ಹೀಗೇ ನೋಡಿದೆವು. ಐಡ್ಲಿಂಗ್‌ನಲ್ಲಿ ಟ್ರಿಮ್ ಪ್ಲಸ್ 4, ಬೆಟ್ಟದ ಅರ್ಧ ದಾರಿಯಲ್ಲಿ ಪ್ಲಸ್ 20 ದಾಟಿತು. ಹೊಸ ಸೆನ್ಸರ್ ಏನೂ ತಪ್ಪು ಮಾಡಿರಲಿಲ್ಲ. ಹಳೆಯದೂ ಮಾಡಿರಲಿಲ್ಲ. ಟ್ಯಾಂಕಿನೊಳಗಿನ ಜಾಲಿ ಕಪ್ಪು ಕೆಸರಿನಿಂದ ಮುಚ್ಚಿಹೋಗಿತ್ತು.

ಗೇಜ್ ಹಾಕುವುದು

ಪೆಟ್ರೋಲ್ ಪೈಪ್ ಬಿಚ್ಚುವ ಮೊದಲು ಒಳಗಿನ ಪ್ರೆಶರ್ ಇಳಿಸಿ. ಪಂಪ್‌ನ ಫ್ಯೂಸ್ ಅಥವಾ ರಿಲೇ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ಆಫ್ ಆಗಲು ಬಿಡಿ. ಒಮ್ಮೆ ಮತ್ತೆ ಸೆಲ್ಫ್ ಹೊಡೆದು ಬ್ಯಾಟರಿಯ ಮೈನಸ್ ಬಿಚ್ಚಿ. ಎಂಜಿನ್ ತಣ್ಣಗಿರಬೇಕು. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಬಯಲಿನಲ್ಲಿ ಮಾಡಿ. ಹತ್ತಿರದಲ್ಲಿ ವೆಲ್ಡಿಂಗ್, ಬೀಡಿ, ಸಿಗರೇಟು ಏನೂ ಇರಬಾರದು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಎಟುಕುವಂತಿರಲಿ, ಪೈಪಿನ ಜೋಡಣೆಗೆ ಬಟ್ಟೆ ಸುತ್ತಿ ನಿಧಾನಕ್ಕೆ ಬಿಚ್ಚಿ. ಇದೆಲ್ಲ ಗೊತ್ತಿರುವವರೇ ಅವಸರದಲ್ಲಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ನಮ್ಮ ಸಣ್ಣ ಕಾರುಗಳ ರೇಲ್ ಮೇಲೆ ಗೇಜ್ ಹಾಕಲು ವಾಲ್ವ್ ಇರುವುದು ಅಪರೂಪ. ಹಾಗಾಗಿ ಪೈಪಿಗೂ ರೇಲಿಗೂ ನಡುವೆ ಸರಿಯಾದ ಅಳತೆಯ ಟಿ ಜೋಡಣೆ ಹಾಕಬೇಕು. ತೋಟಕ್ಕೆ ನೀರು ಬಿಡುವ ಪೈಪು, ಸಾದಾ ಕ್ಲಿಪ್ಪು ಹಾಕಿ ಕೆಲಸ ಸಾಗಿಸಬೇಡಿ. 3 ಬಾರ್ ಅಂದರೆ 43.5 ಪಿಎಸ್‌ಐ. ಆ ಪ್ರೆಶರ್‌ನಲ್ಲಿ ಪೈಪ್ ಕಳಚಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತದೆ.

ಕೀ ಆನ್ ಮಾಡಿದಾಗ ಮುಳ್ಳು ತಟ್ಟನೆ ಏರಿ ನಿಲ್ಲಬೇಕು. ಎಷ್ಟಕ್ಕೆ ಅನ್ನುವುದು ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅಂದಾಜು ಬೇಡ. ಎಂಜಿನ್ ಓಡುವಾಗ ನೋಡಿ. ಹಳೆ ಮಾದರಿಯಲ್ಲಿ ರೇಲ್ ಮೇಲೇ ಪ್ರೆಶರ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಇದ್ದು, ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಅದಕ್ಕೊಂದು ವ್ಯಾಕ್ಯೂಮ್ ಪೈಪ್ ಇರುತ್ತದೆ. ಐಡ್ಲಿಂಗ್‌ನಲ್ಲಿ ಆ ಪೈಪ್ ಕಿತ್ತರೆ ಪ್ರೆಶರ್ ಅರ್ಧ ಬಾರ್‌ನಷ್ಟು ಏರಬೇಕು. ಏರದಿದ್ದರೆ ರೆಗ್ಯುಲೇಟರ್ ಮತ್ತು ವ್ಯಾಕ್ಯೂಮ್ ಪೈಪ್ ಎರಡನ್ನೂ ಅನುಮಾನಿಸಿ. ಪೈಪಿನೊಳಗೆ ಪೆಟ್ರೋಲ್ ಹಸಿ ಕಂಡರಂತೂ ರೆಗ್ಯುಲೇಟರ್ ಒಳಗಿನ ಡಯಾಫ್ರಮ್, ಅಂದರೆ ತೆಳು ಪೊರೆ, ಹರಿದಿದೆ. ಕಪ್ಪು ಹೊಗೆ, ಮೈಲೇಜ್ ಕುಸಿತ, ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಎಲ್ಲ ಅದರಿಂದಲೇ ಬರಬಹುದು. ಹೊಸ ಮಾದರಿಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪ್ ಜತೆಗೇ ಇರುತ್ತದೆ. ಅಲ್ಲಿ ಐಡ್ಲಿಂಗ್ ಇರಲಿ, ಲೋಡ್ ಇರಲಿ, ಗೇಜ್ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರಬೇಕು.

ಐಡ್ಲಿಂಗ್ ಸಂಖ್ಯೆ ಯಾಕೆ ಸಾಲದು ಅಂದರೆ, ಸಣ್ಣ ಕಾರು ಐಡ್ಲಿಂಗ್‌ನಲ್ಲಿ ಗಂಟೆಗೆ ಕುಡಿಯುವುದು ಹೆಚ್ಚೆಂದರೆ ಒಂದು ಲೀಟರ್. 80 ಎಚ್‌ಪಿ ಎಂಜಿನ್ ಪೂರ್ತಿ ಬಲದಲ್ಲಿ ಎಳೆಯುವಾಗ ಗಂಟೆಗೆ 20 ಲೀಟರ್ ದಾಟುವ ಲೆಕ್ಕದಲ್ಲಿ ಕುಡಿಯುತ್ತದೆ. ಸುಸ್ತಾದ ಪಂಪ್ ಕೂಡ ಒಂದು ಲೀಟರನ್ನು ಆರಾಮಾಗಿ ಕೊಟ್ಟು 3 ಬಾರ್ ತೋರಿಸಿಬಿಡುತ್ತದೆ. ಹಾಗಾಗಿ ಉದ್ದ ಪೈಪಿನ ಗೇಜನ್ನು ಭದ್ರವಾಗಿ ಕಟ್ಟಿ, ವಿಂಡ್‌ಶೀಲ್ಡ್ ಹೊರಗಡೆ, ಒಳಗೆ ಕೂತವರಿಗೆ ಕಾಣುವ ಹಾಗೆ ಇಟ್ಟು ಓಡಿಸಬೇಕು. ಗೇಜನ್ನು ಗಾಡಿಯ ಒಳಗೆ ತರಬೇಡಿ, ಅದರಲ್ಲಿ ಪೆಟ್ರೋಲ್ ಇದೆ.

ಮುಳ್ಳು ಹೇಗೆ ಅಲ್ಲಾಡುತ್ತದೆ ಅನ್ನುವುದರಲ್ಲೇ ಕಾರಣದ ಸುಳಿವಿರುತ್ತದೆ. ಸಣ್ಣಗೆ ನಡುಗುವುದು ಸಹಜ, ಇಂಜೆಕ್ಟರ್‌ಗಳು ತೆರೆದು ಮುಚ್ಚುವುದರಿಂದ ಹಾಗಾಗುತ್ತದೆ. ಲೋಡ್ ಬಿದ್ದ ತಕ್ಷಣ ಇಳಿದು, ಆಕ್ಸಿಲರೇಟರ್ ಬಿಟ್ಟರೆ ಮೇಲೆ ಬಂದರೆ ಪಂಪ್ ಸವೆದಿದೆ ಅಥವಾ ಫಿಲ್ಟರ್ ಕಟ್ಟಿದೆ. ಮೊದಮೊದಲು ಸರಿಯಿದ್ದು, ಕೆಲವು ನಿಮಿಷ ಎಳೆಸಿದ ಮೇಲೆ ಮೆಲ್ಲಗೆ ಇಳಿದರೆ, ಹತ್ತು ನಿಮಿಷ ನಿಲ್ಲಿಸಿ ಹೊರಟಾಗ ಮತ್ತೆ ಸರಿಯಾದರೆ, ಜಾಲಿಯ ಮೇಲೆ ಕಸ ಅಂಟಿಕೊಳ್ಳುತ್ತಿದೆ. ಪಂಪ್ ನಿಂತಾಗ ಕಸ ಕಳಚಿ ಕೆಳಗೆ ಬೀಳುತ್ತದೆ, ಓಡಿದಾಗ ಮತ್ತೆ ಬಂದು ಕೂರುತ್ತದೆ. ಬಿಸಿಗೆ ಕೈಕೊಡುವ ಪಂಪ್ ಕೂಡ ಹೀಗೇ ನಡೆದುಕೊಳ್ಳುತ್ತದೆ, ಟ್ಯಾಂಕ್ ಬಿಚ್ಚಿ ನೋಡಿದರೇ ಖಚಿತ. ಆದರೆ ಮುಳ್ಳು ಧಡಕ್ಕನೆ ಬಿದ್ದು ಧಡಕ್ಕನೆ ಎದ್ದರೆ ಪಂಪ್ ಮುಟ್ಟಬೇಡಿ. ಅದು ಹೆಚ್ಚಾಗಿ ಕರೆಂಟಿನ ತೊಂದರೆ.

ಪಂಪ್‌ಗೆ ಕರೆಂಟ್ ಪೂರ್ತಿ ಬರುತ್ತಿದೆಯಾ?

ಪಂಪ್ ಅಂದರೆ ಒಂದು ಮೋಟರ್. ವೋಲ್ಟೇಜ್ ಕಡಿಮೆಯಾದರೆ ವೇಗ ಇಳಿಯುತ್ತದೆ, ಹರಿವೂ ಇಳಿಯುತ್ತದೆ. ಹೊಸ ಪಂಪ್ ಹಾಕಿದರೂ ಜರ್ಕ್ ಹೋಗಲಿಲ್ಲ ಅನ್ನುವ ಗಾಡಿಗಳಲ್ಲಿ ಈ ಪರೀಕ್ಷೆ ಮೊದಲು ಮಾಡಿ.

ಎಂಜಿನ್ ಓಡುತ್ತಿರುವಾಗ, ಪಂಪ್‌ಗೆ ಕನೆಕ್ಟರ್ ಸಿಕ್ಕಿಸಿಯೇ ಇರುವಾಗ ಅಳೆಯಬೇಕು. ಕನೆಕ್ಟರ್ ಬಿಚ್ಚಿ ಅಳೆದರೆ ಒಂದೇ ಎಳೆ ಉಳಿದ ವೈರಿನಲ್ಲೂ 12 ವೋಲ್ಟ್ ತೋರಿಸುತ್ತದೆ. ಮಲ್ಟಿಮೀಟರ್‌ನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪಂಪ್‌ನ ಪ್ಲಸ್ ವೈರಿಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ. ರಿಲೇಯ ಕಾಲುಗಳು ಕಪ್ಪಾಗಿರಬಹುದು, ಫ್ಯೂಸ್ ಸಡಿಲ ಕೂತಿರಬಹುದು, ಟ್ಯಾಂಕ್ ಮೇಲಿನ ಕನೆಕ್ಟರ್ ಕರಗಿರಬಹುದು. ಹಾಗೆಯೇ ಬ್ಯಾಟರಿ ಮೈನಸ್‌ಗೂ ಪಂಪ್‌ನ ಅರ್ತ್‌ಗೂ ನಡುವೆ ನೋಡಿ. ಅಲ್ಲಿ 0.2 ವೋಲ್ಟ್ ದಾಟಬಾರದು. ಗದ್ದೆ, ತೋಟದ ಮನೆಗಳ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರ್ ಸಿಗುವುದು ಹೊಸದೇನಲ್ಲ. ಪೂರ್ತಿ ತುಂಡಾಗಿದ್ದರೆ ಗಾಡಿ ಸ್ಟಾರ್ಟೇ ಆಗುತ್ತಿರಲಿಲ್ಲ, ಬೇಗ ಸಿಗುತ್ತಿತ್ತು. ಅರ್ಧ ಕಡಿದದ್ದೇ ಕಷ್ಟ. ಗುಂಡಿಯಲ್ಲಿ ಇಳಿದಾಗ ಮಾತ್ರ ಜರ್ಕ್ ಬರುತ್ತದೆ. ವೈರಿಂಗ್ ಕಟ್ಟನ್ನು ಕೈಯಲ್ಲಿ ಅಲುಗಾಡಿಸುತ್ತಾ ಗೇಜ್ ನೋಡಿ.

ಬಿಸಿಲಲ್ಲಿ ನಿಲ್ಲಿಸಿದ ಮೇಲೆ ಸೆಲ್ಫ್ ಜಾಸ್ತಿ ಹೊಡೆಯಬೇಕೆ?

ಇದು ಬೇರೆ ಜಾತಿಯ ತೊಂದರೆ. ಓಡುವಾಗ ಪ್ರೆಶರ್ ಸರಿ, ಆಫ್ ಮಾಡಿದ ಮೇಲೆ ನಿಲ್ಲುವುದಿಲ್ಲ. ಬಿಸಿ ರೇಲಿನಲ್ಲಿ ಪ್ರೆಶರ್ ಇಲ್ಲದ ಪೆಟ್ರೋಲ್ ಆವಿಯಾಗುತ್ತದೆ, ಮತ್ತೆ ತುಂಬುವವರೆಗೂ ಎಂಜಿನ್ ಹತ್ತುವುದಿಲ್ಲ. ಗೇಜ್ ಹಾಕಿ ಆಫ್ ಮಾಡಿ ಕಾಯಿರಿ. ನಿಧಾನಕ್ಕೆ ಒಂದಿಷ್ಟು ಇಳಿಯುವುದು ಸರಿ, ನೋಡನೋಡುತ್ತಲೇ ಸೊನ್ನೆಗೆ ಬರಬಾರದು. ಪೆಟ್ರೋಲ್ ವಾಪಸ್ ಹರಿಯದಂತೆ ತಡೆಯುವ ಪಂಪ್‌ನ ಚೆಕ್ ವಾಲ್ವ್, ರೆಗ್ಯುಲೇಟರ್, ಸೋರುವ ಇಂಜೆಕ್ಟರ್ ಈ ಮೂರರಲ್ಲಿ ಒಂದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ಪೆಟ್ರೋಲ್ ವಾಸನೆಯ ಹೊಗೆ ಬಂದು, ಒಂದು ಸಿಲಿಂಡರ್ ತಡವಾಗಿ ಸೇರಿಕೊಂಡರೆ ಇಂಜೆಕ್ಟರ್ ಕಡೆಗೆ ನೋಡಿ.

ಟ್ಯಾಂಕ್ ತೆರೆದಾಗ

ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ 20ರವರೆಗೆ ಎಥೆನಾಲ್ ಸೇರಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಶಾಖ ಕಡಿಮೆ, ಹಾಗಾಗಿ ಅದೇ ಕೆಲಸಕ್ಕೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಹರಿಯಬೇಕು. ಕಷ್ಟಪಟ್ಟು ಸಾಗುತ್ತಿದ್ದ ಹಳೆ ಪಂಪ್‌ಗೆ ಅದೂ ಒಂದು ಹೊರೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ನಿಲ್ಲುತ್ತವೆ. ಪಂಪ್ ಎಳೆಯುವುದು ತಳದಿಂದಲೇ ಅಲ್ವಾ? ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಾದರೆ, ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಹಾಗೇ ಬಿಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯಬೇಕು.

ಪಂಪ್ ಬದಲಾಯಿಸುವುದೇ ಆದರೆ ಜಾಲಿಯನ್ನೂ ಮೇಲಿನ ರಬ್ಬರ್ ಸೀಲನ್ನೂ ಹೊಸದು ಹಾಕಿ. ಟ್ಯಾಂಕಿನ ತಳದಲ್ಲಿ ಕಸ ಬಿಟ್ಟು ಹೊಸ ಪಂಪ್ ಕೂರಿಸಿದರೆ ಕೆಲವೇ ತಿಂಗಳಲ್ಲಿ ಗಾಡಿ ವಾಪಸ್ ಬರುತ್ತದೆ. ಸೀಲ್ ಸರಿಯಾಗಿ ಕೂರದಿದ್ದರೆ ಟ್ಯಾಂಕ್ ತುಂಬಿಸಿದಾಗ ಸೀಟಿನ ಕೆಳಗೆ ಪೆಟ್ರೋಲ್ ಜಿನುಗುತ್ತದೆ. ಅದು ಜರ್ಕ್‌ಗಿಂತ ದೊಡ್ಡ ಅಪಾಯ. ಕೀ ಆನ್ ಆಫ್ ಎರಡು ಮೂರು ಸಲ ಮಾಡಿ, ಟಾರ್ಚ್ ಹಾಕಿ ಪ್ರತಿ ಜೋಡಣೆಯನ್ನೂ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ.

ಸ್ಕ್ಯಾನರ್‌ನಲ್ಲಿ ಹಳೆ ಟ್ರಿಮ್ ಲೆಕ್ಕವನ್ನು ರೀಸೆಟ್ ಮಾಡಿ. ಇಲ್ಲದಿದ್ದರೆ ಪ್ರೆಶರ್ ಸರಿಯಾದ ಮೇಲೂ ಇಸಿಯು ಕೆಲವು ದಿನ ಹಳೆ ಅಭ್ಯಾಸದಲ್ಲೇ ಪೆಟ್ರೋಲ್ ಜಾಸ್ತಿ ಕೊಡುತ್ತಿರುತ್ತದೆ. ಗಾಡಿಯವರನ್ನೂ ಜತೆಗೆ ಕೂರಿಸಿಕೊಂಡು, ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಓಡಿಸಿ ಟ್ರಿಮ್ ತೋರಿಸಿ. ಪ್ಲಸ್ 5ರ ಒಳಗೆ ನಿಂತಿದ್ದರೆ ಕೀ ಕೊಡಿ. ಇನ್ನೂ 12, 13 ಇದ್ದರೆ ಕೊಡಬೇಡಿ, ಏರ್‌ಫ್ಲೋ ಸೆನ್ಸರ್ ಮತ್ತು ಇಂಜೆಕ್ಟರ್‌ಗಳು ಇನ್ನೂ ನೋಡುವುದಿದೆ.